ಅಣ್ಣನ ಲಿನಕ್ಸ್ ಮತ್ತು ತೊರಗಲ್ಲಿನ ಎಮ್ಮೆ

ಅಣ್ಣನಿಗೆ ಲಕ್ವಾ ಹೊಡೆದಾಗ ಬಲಗೈ ಹೋಯಿತು, ಮಾತು ಹೋಯಿತು, ಬಲಗಾಲು ಅರ್ಧ ಉಳಿಯಿತು. ಬುದ್ಧಿಗೆ ಏನೂ ಆಗಲಿಲ್ಲ. ಕೇಳಿದ್ದು ತಿಳಿಯುತ್ತಿತ್ತು, ಓದಿದ್ದು ತಿಳಿಯುತ್ತಿತ್ತು, ಎಡಗೈಯಿಂದ ಬರೆಯಲೂ ಬರುತ್ತಿತ್ತು. ಬಾಯಿಂದ ಮಾತ್ರ ಶಬ್ದ ಹೊರಡುತ್ತಿರಲಿಲ್ಲ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಅಣ್ಣ ರಾಮದುರ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಶ್ರಾವಣ ಬಂದರೆ ಓಣಿಯ ಗುಡಿಯಲ್ಲಿ ಪುರಾಣ ಹೇಳುವವನು. ನಮ್ಮದು ಪೌರೋಹಿತ್ಯ ಮಾಡಿಕೊಂಡು ಬಂದ ಮನೆತನ. ಹೊಲ ಇರಲಿಲ್ಲ, ಬಾಯಿ ಇತ್ತು. ಅವನ ಹೆಂಡತಿ, ಅಂದರೆ ನಮ್ಮ ವೈನಿ, ಮದುವೆಯಾಗಿ ಬಂದಾಗಿನಿಂದ ಬಂದವರೆದುರು ಒಂದೇ ದೂರು ಹೇಳುತ್ತಿದ್ದರು: "ಈ ಮನ್ಯಾಗ ಮಾತು ಸುರು ಮಾಡಾಕಿ ನಾನು, ಮುಗಸಾವ್ರು ಇವ್ರು." ಅವರು ಇಷ್ಟು ಹೇಳುವಷ್ಟರಲ್ಲಿ ಅಣ್ಣ ನಡುವೆ ಬಾಯಿ ಹಾಕಿ, "ಮುಗಸಲಿಲ್ಲಾಂದ್ರ ಅದು ನಾಳಿತನಕಾ ನಡೀತದ" ಎಂದು ಮುಗಿಸುತ್ತಿದ್ದ.

ಲಕ್ವಾ ಹೊಡೆದ ಮೇಲೆ ವೈನಿಯ ಮಾತುಗಳೆಲ್ಲ ತಾವಾಗಿಯೇ ಮುಗಿಯತೊಡಗಿದವು.

ಮೊದಲು ಅವನು ತಂಬಿಗೆಗೆ ಚಮಚ ಬಡಿದು ಕರೆಯುತ್ತಿದ್ದ. ಫೋನಿನಲ್ಲಿ ಬರೆಯಲು ಹೋದರೆ ಬೆರಳು ನಡುಗಿ ಒಂದು ಅಕ್ಷರದ ಬದಲು ಇನ್ನೊಂದು ಬೀಳುತ್ತಿತ್ತು. ಆಗ ನೆನಪಾದದ್ದು ಮನೆಯ ಹಳೆಯ ಕಂಪ್ಯೂಟರು. ಪ್ರಶ್ನೆಪತ್ರಿಕೆ ತಯಾರಿಸಲೆಂದು ಅವನು ಕನ್ನಡ ಟೈಪಿಂಗ್ ಕಲಿತಿದ್ದ, ಕೀಲಿಗಳು ದೊಡ್ಡವು, ಎಡಗೈಗೆ ಸಿಕ್ಕುತ್ತಿದ್ದವು. ಅವನ ಹಳೆಯ ವಿದ್ಯಾರ್ಥಿಯೊಬ್ಬ ಬಂದು, ಕನ್ನಡದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಅಂತರ್ಜಾಲದ ಪುಟವನ್ನು ತೆರೆದುಕೊಟ್ಟು ಹೋದ. ಅಣ್ಣ ಒಂದೊಂದೇ ಅಕ್ಷರ ಕುಟ್ಟಿ ಬರೆಯುವನು, ಯಂತ್ರ ಅವನ ಪರವಾಗಿ ಮಾತಾಡುವುದು. ನೀರು, ಫ್ಯಾನು, ಚಾ, ಇಷ್ಟರಮಟ್ಟಿಗೆ ಸಂಸಾರ ನಡೆಯಿತು.

ಆದರೆ ಆ ಧ್ವನಿ ಇದ್ದದ್ದು ಅಂತರ್ಜಾಲದಲ್ಲಿ, ಮನೆಯಲ್ಲಲ್ಲ. ನೆಟ್ ಹೋದರೆ ಮಾತು ಹೋಗುತ್ತಿತ್ತು. ಅದರ ಜೊತೆಗೆ, ಈ ವಿಂಡೋಸಿಗೆ ಇನ್ನು ಮುಂದೆ ಅಪ್‌ಡೇಟ್ ಎಂಬ ಸುಧಾರಣೆಗಳು ಬರುವುದಿಲ್ಲ, ಹೊಸದನ್ನು ಹಾಕಲು ಈ ಯಂತ್ರ ಸಾಲುವುದಿಲ್ಲ ಎಂಬ ಸೂಚನೆ ತೆರೆಯ ಮೇಲೆ ಬರತೊಡಗಿತ್ತು. ಅದನ್ನು ಓದಿದಾಗಲೆಲ್ಲ ವೈನಿಗೆ ಎದೆ ಝಲ್ಲೆನ್ನುತ್ತಿತ್ತಂತೆ. ಒಂದು ದಿನ ಅವರು ನನಗೆ ಫೋನ್ ಮಾಡಿದರು.

"ತಮ್ಮಾ, ನಿನ್ನಿ ದಿನಾ ಪೂರ್ತಿ ನೆಟ್ ಇರಲಿಲ್ಲ. ಸಂಜೀಕ ಬಂತು. ನೆಟ್ ಬಂದದ, ಈಗ ಮಾತಾಡ್ರಿ ಅಂದೆ. 'ಸಾಕು' ಅಂತ ಬರದು ಗ್ವಾಡಿ ಕಡೆ ಮಾರಿ ಮಾಡಿ ಮಲಕೊಂಡ್ರು. ನೀನ ಹೇಳು, ಇವ್ರು ಸಾಕು ಅನ್ನೋ ಮನಷ್ಯಾರೇನು?"

ಅಲ್ಲ. ಊಟಕ್ಕೆ ಕೂತಾಗ ಬಡಿಸುವವರಿಗೂ ಅವನು ಸಾಕು ಅಂದವನಲ್ಲ. ನಾನು ಬಟ್ಟೆಗಿಂತ ಮೊದಲು ಪೆನ್‌ಡ್ರೈವುಗಳನ್ನು ಚೀಲಕ್ಕೆ ಹಾಕಿಕೊಂಡು ರಾಮದುರ್ಗದ ಬಸ್ಸು ಹತ್ತಿದೆ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಧಾರವಾಡದಲ್ಲಿ ಎಂ.ಎ. ಮಾಡಿ ಬೈಲಹೊಂಗಲದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. 'ಇದಕ್ಕೆ ಸಾಕ್ಷಿ ಏನು?' ಎಂದು ಕೇಳುವುದು ನನ್ನ ಕಸುಬು. ಬರಬರುತ್ತಾ ಆ ಪ್ರಶ್ನೆಯನ್ನು ನನ್ನ ನೆನಪಿಗೂ ಕೇಳುವ ಚಟ ಹತ್ತಿದೆ, ಹೀಗಾಗಿ ಇಲ್ಲಿ ಬರೆಯುತ್ತಿರುವುದನ್ನೂ ಓದುಗರು ಸ್ವಲ್ಪ ಜರಡಿ ಹಿಡಿದೇ ತೆಗೆದುಕೊಳ್ಳಬೇಕು. ಇನ್ನೊಂದು ಚಟ ಲಿನಕ್ಸಿನದು. ಲಿನಕ್ಸ್ ಎಂದರೆ ಒಂದೇ ವಸ್ತುವಲ್ಲ. ಹಿಟ್ಟು ಒಂದೇ ಆದರೂ ಮನೆಮನೆಯ ರೊಟ್ಟಿ ಬೇರೆಯಾಗುವಂತೆ, ಒಂದೇ ಮೂಲದಿಂದ ಬೇರೆ ಬೇರೆ ಗುಂಪಿನವರು ತಮ್ಮ ಕೈಗುಣಕ್ಕೆ ತಕ್ಕ ವ್ಯವಸ್ಥೆಗಳನ್ನು ಕಟ್ಟಿ, ಬೇಕಾದವರು ಒಯ್ಯಲಿ ಎಂದು ಇಟ್ಟಿದ್ದಾರೆ. ಅಂಥ ಒಂದೊಂದನ್ನು ಡಿಸ್ಟ್ರೋ ಎನ್ನುತ್ತಾರೆ. ಒಂದೇ ಡಿಸ್ಟ್ರೋ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಹಂಗಾಮು ಕಳೆದದ್ದು ಕಡಿಮೆ. ಎಲ್ಲ ಸರಿಯಾಗಿ ನಡೆಯತೊಡಗಿದರೆ ನನಗೆ ಬೇಸರ ಬಂದು ಇನ್ನೊಂದನ್ನು ಹಾಕುತ್ತೇನೆ.

ಬಸ್ಸು ಮುರಗೋಡ ದಾಟುವಾಗ, ಯಾವಾಗಲೂ ಆಗುವಂತೆ, ನಮ್ಮ ಎಮ್ಮೆ ನೆನಪಾಯಿತು. ನಾನು ಸಣ್ಣವನಿದ್ದಾಗ ಅಪ್ಪ ಆ ಎಮ್ಮೆಯನ್ನು ಕೊಂಡದ್ದು ಮುರಗೋಡದಲ್ಲಿ ಎಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿತ್ತು. ಮಠದ ದಾರಿ, ಒಂದು ಬೇವಿನ ಗಿಡ, ಅದರ ಕೆಳಗೆ ಹಿತ್ತಾಳೆಯ ಚರಿಗೆ ಹಿಡಿದು ಹಾಲು ಹಿಂಡುತ್ತಿದ್ದ ಅಪ್ಪ. ನಾನು ಅಲ್ಲೇ ನಿಂತು ನೋಡಿದ್ದೆ.

ರಾಮದುರ್ಗಕ್ಕೆ ಹೋದವನೇ ಅಣ್ಣನೆದುರು ಲ್ಯಾಪ್‌ಟಾಪು ತೆರೆದು ಕೂತೆ. ಉಬುಂಟು, ಝೋರಿನ್, ಮಿಂಟ್, ಇನ್ನೂ ಕೆಲವು. ಯಾವುದಕ್ಕೆ ಎಷ್ಟು ಮೆಮೊರಿ ಬೇಕು, ಯಾವುದಕ್ಕೆ ಎಷ್ಟು ವರ್ಷ ಸುಧಾರಣೆ ಬರುತ್ತದೆ, ಯಾವುದರ ಮುಖ ವಿಂಡೋಸಿಗೆ ಹತ್ತಿರ, ಎಲ್ಲವನ್ನೂ ತಖ್ತೆ ಮಾಡಿ ತಂದಿದ್ದೆ. ಹೊಸಬರಿಗೆ ಯಾವುದು ಸುಲಭ ಎಂದು ತೀರ್ಮಾನಿಸಲು ಸಾಕಷ್ಟು ಓದಿದ್ದೆ. ಅಣ್ಣ ತಾಳ್ಮೆಯಿಂದ ಕೇಳಿದ. ತಾಳ್ಮೆಯಿಂದ ಕೇಳುವುದು ಅವನಿಗೆ ಹೊಸ ವಿದ್ಯೆ. ಆಮೇಲೆ ಎಡಗೈಯಿಂದ ಕುಟ್ಟತೊಡಗಿದ. ನೆಟ್ ಇತ್ತು, ಧ್ವನಿ ಬಂತು.

"ಶಾಣ್ಯಾ, ಅಪ್ಪಾ ಎಮ್ಮಿ ಹೆಂಗ ತಂದ್ರು ನೆನಪದ ಏನು?"

"ನೆನಪಿಲ್ದ ಏನು? ಮುರಗೋಡದಾಗ ಮೂರು ಹೊತ್ತು ಹಿಂಡಿ ನೋಡಿ ತಂದ್ರು" ಅಂದೆ.

ಅಣ್ಣನ ಮುಖದ ಎಡ ಅರ್ಧ ನಕ್ಕಿತು. ಮತ್ತೆ ಕುಟ್ಟಿದ. ನಾವು ಕಾದೆವು. ಅವನ ಮಾತಿಗೆ ಕಾಯುವಾಗ ವೈನಿ ಅಕ್ಕಿ ಆರಿಸುವುದನ್ನು ನಿಲ್ಲಿಸುತ್ತಿದ್ದರು ಎಂಬುದನ್ನು ಆಗ ಗಮನಿಸಿದೆ.

"ಮುರಗೋಡ ಅಲ್ಲ. ತೊರಗಲ್. ಹಿಂಡಿದಾವ್ರು ಅಪ್ಪಾ ಅಲ್ಲ. ಅವ್ವ."

ನಮ್ಮ ಕಡೆ ಎಮ್ಮೆ ಕೊಳ್ಳುವ ಪದ್ಧತಿ ತಿಳಿಯದವರಿಗೆ ಹೇಳುತ್ತೇನೆ. ಕೊಡುವವನ ಮಾತಿನ ಮೇಲೆ ಯಾರೂ ಎಮ್ಮೆ ಕೊಳ್ಳುವುದಿಲ್ಲ. ಒಂದು ಹೊತ್ತು ಹಿಂಡದೆ ಬಿಟ್ಟರೆ ಎಂಥ ಎಮ್ಮೆಯ ಕೆಚ್ಚಲೂ ತುಂಬಿ ಕಾಣುತ್ತದೆ. ಅದಕ್ಕೇ ಕೊಳ್ಳುವವರು ಮಾರುವವರ ಮನೆಯಲ್ಲಿ ವಸ್ತಿ ಉಳಿದು, ಸಂಜೆ, ಮುಂಜಾನೆ, ಮತ್ತೆ ಸಂಜೆ, ಹೀಗೆ ಬಿಡದೆ ಮೂರು ಹೊತ್ತು ತಾವೇ ಹಿಂಡಿ ನೋಡುತ್ತಾರೆ. ಹಾಲೆಷ್ಟು ಎಂಬುದು ಒಂದು. ಅದಕ್ಕಿಂತ ದೊಡ್ಡದು, ಕೈ ಬದಲಾದರೆ ಎಮ್ಮೆ ಏನು ಮಾಡುತ್ತದೆ ಎಂಬುದು. ಕೆಲವು ಎಮ್ಮೆಗಳು ಸಾಕಿದ ಧಣಿಗೆ ಮಾತ್ರ ತೊರೆ ಬಿಡುತ್ತವೆ. ಬೇರೆ ಕೈ ತಾಗಿದರೆ ಹಾಲು ಏರಿಸಿಕೊಂಡು ಬಿಡುತ್ತವೆ, ಇಲ್ಲವೇ ಒದೆಯುತ್ತವೆ.

ಅಣ್ಣನ ಮುಂದಿನ ಮಾತು ಬರುವುದರೊಳಗೆ ಚಾ ಆರಿತ್ತು.

"ನೀ ಹಿಂಡಬ್ಯಾಡ. ನಿಂದು ಧಣೀ ಕೈ. ನಿನಗ ಎಲ್ಲಾ ಎಮ್ಮಿನೂ ಹಾಲು ಕೊಡ್ತಾವ. ನಾನು ಹಿಂಡತೇನಿ, ನಿಮ್ಮ ವೈನಿ ಹಿಂಡಲಿ, ಗಿರಣಿ ಅಕ್ಕಾ ಹಿಂಡಲಿ."

ಗಿರಣಿ ಅಕ್ಕ ಅಂದರೆ ಪಕ್ಕದಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಣ್ಣುಮಗಳು. ವೈನಿ ಸಂತೆಗೋ ಗುಡಿಗೋ ಹೋದಾಗ ಅಣ್ಣನ ಹತ್ತಿರ ಬಂದು ಕೂಡುವವಳು ಅವಳೇ. ಕಂಪ್ಯೂಟರು ಆರಿಹೋಗಿದ್ದರೆ ಅದನ್ನು ಎಬ್ಬಿಸಿ ಮಾತಿಗೆ ಹಚ್ಚಿಕೊಡುವುದು ಅವಳಿಗೂ ಬರಬೇಕು. ಇಲ್ಲದಿದ್ದರೆ ಅಣ್ಣ ಮತ್ತೆ ತಂಬಿಗೆ ಬಡಿಯಬೇಕು. ನಾನು ಎಷ್ಟೋ ಪುಟಗಳನ್ನು ಓದಿ ಮಾಡಿದ ತಖ್ತೆಯಲ್ಲಿ 'ಹೊಸಬರಿಗೆ ಸುಲಭ' ಎಂಬ ಕಾಲಮ್ಮು ಇತ್ತು. ಆ ಹೊಸಬರು ಯಾರು ಎಂಬ ಕಾಲಮ್ಮು ಇರಲಿಲ್ಲ. ಅಣ್ಣನ ಈ ಒಂದು ಸಾಲಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಲಿನಕ್ಸಿನಲ್ಲಿ ಹೀಗೆ ಹಿಂಡಿ ನೋಡಲು ಸೌಕರ್ಯವಿದೆ. ಇಡೀ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಇಳಿಸಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಬಹುದು. ಒಳಗಿನ ಹಳೆಯ ವಿಂಡೋಸಿಗೆ ಕೈ ಹಚ್ಚಬೇಕಿಲ್ಲ. ಬೇಡವಾದರೆ ಪೆನ್‌ಡ್ರೈವು ಕಿತ್ತರೆ ಮುಗಿಯಿತು, ಮೊದಲಿದ್ದದ್ದು ಮೊದಲಿನಂತೆ. ಇದನ್ನು ವೈನಿಗೆ ವಿವರಿಸಿದಾಗ ಅವರು ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ಕೇಳಿದರು: "ಎಲ್ಲಾ ಇದರಾಗೇ ಅದ?"

"ಎಲ್ಲಾ ಅದರಾಗೇ ಅದ" ಅಂದೆ. ಆ ಮಾತನ್ನು ಅವರು ನೆನಪಿಟ್ಟರು.

ಪ್ರತಿ ಡಿಸ್ಟ್ರೋವಿಗೂ ನಾನು ಮಾಡಬಹುದಾದದ್ದು ಇಷ್ಟೇ ಎಂದು ಕರಾರಾಯಿತು. ಪೆನ್‌ಡ್ರೈವು ಹಾಕಿ ಎಬ್ಬಿಸುವುದು. ಕನ್ನಡ ಕೀಲಿಗಳನ್ನು ಜೋಡಿಸುವುದು. ಒಟ್ಟಿಗೆ ಒತ್ತಬೇಕಾದ ಎರಡು ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿದರೂ ನಡೆಯುವಂತೆ ಮಾಡುವುದು, ಏಕೆಂದರೆ ಒಂದೇ ಕೈಯವನಿಗೆ ಮಹಾಪ್ರಾಣ ಬರೆಯಲು ಬೇರೆ ದಾರಿಯಿಲ್ಲ. ಬರೆದದ್ದನ್ನು ಗುರುತುಮಾಡಿ ಒಂದು ಕೀಲಿ ಒತ್ತಿದರೆ ಯಂತ್ರ ಗಟ್ಟಿಯಾಗಿ ಓದುವಂತೆ ಏರ್ಪಾಟು ಮಾಡುವುದು. ಆಮೇಲೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸುಮ್ಮನೆ ಕೂಡುವುದು.

ಸುಮ್ಮನೆ ಕೂಡುವುದು ನನಗೆ ಬರುವುದಿಲ್ಲ. ವೈನಿಯ ಕೈ ಮೌಸನ್ನು ಎತ್ತಲೋ ಸರಿಸುತ್ತಿದ್ದರೆ ನನ್ನ ಕೈ ಕುರ್ಚಿಯ ತೋಳಿನ ಮೇಲೆ ತಾನಾಗಿ ಸರಿಯುತ್ತಿತ್ತು.

ಮೊದಲು ಎದ್ದದ್ದು ಉಬುಂಟು. ದೊಡ್ಡ ಹೆಸರು, ದೊಡ್ಡ ಮನೆತನ. ನಮ್ಮ ಯಂತ್ರ ಹಳೆಯದು, ಅದನ್ನು ಹೊರಲು ತೇಕುತ್ತಿತ್ತು. ಅದು ಉಬುಂಟುವಿನ ತಪ್ಪಲ್ಲ. ಚಿತ್ರಗಳ ಸಾಲು ಎಡಕ್ಕೆ ಉದ್ದಕ್ಕೆ ನಿಂತಿತ್ತು. ವೈನಿ ವಿಂಡೋಸಿನ ರೂಢಿಯಂತೆ ಕೆಳಗಿನ ಮೂಲೆಯಲ್ಲಿ ಮೆನು ಹುಡುಕಿ ಹುಡುಕಿ, "ಎಮ್ಮಿ ಛಲೋನ ಅದ ತಮ್ಮಾ. ನಮ್ಮ ಕೊಟ್ಟಿಗಿ ಸಣ್ಣದು" ಅಂದರು. ಎರಡನೆಯದು ಝೋರಿನ್. ಅದರ ಅಂದ ನೋಡಿ ಗಿರಣಿ ಅಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಏನ್ ಛಂದ ಐತ್ರೀ, ಮುಟ್ಟಾಕ ಅಂಜಿಕಿ ಬರತೈತಿ" ಅಂದಳು. ಮುಟ್ಟಿದಳು, ಅದೂ ಚೆನ್ನಾಗಿಯೇ ನಡೆಯಿತು. ಮೂರನೆಯದು ಮಿಂಟ್. ಅಣ್ಣ ಅದಕ್ಕೆ ಆಗಲೇ ಪುದೀನಾ ಎಂದು ಹೆಸರಿಟ್ಟಾಗಿತ್ತು. ಮೆನು ಕೆಳಗಿನ ಎಡ ಮೂಲೆಯಲ್ಲೇ ಇತ್ತು. ವೈನಿಯ ಕೈ ಕೇಳದೆಯೇ ಅಲ್ಲಿಗೆ ಹೋಯಿತು. ಯಂತ್ರವೂ ಹಗುರಾಗಿ ಉಸಿರಾಡಿತು.

ಇದು ನ್ಯಾಯವಾದ ಪರೀಕ್ಷೆಯಲ್ಲ ಎಂದು ನನಗೆ ಗೊತ್ತು. ಮೂರನೆಯದರ ಹೊತ್ತಿಗೆ ಎಲ್ಲರ ಕೈ ಪಳಗಿತ್ತು. ಸರದಿ ಬದಲಾಗಿದ್ದರೆ ಬೇರೆಯದೇ ಗೆಲ್ಲುತ್ತಿತ್ತೋ ಏನೋ. ಬಾಯಿ ತೆರೆದು ಇದನ್ನು ಹೇಳಿದೆ ಕೂಡ. "ಏ, ಸಾಕ ಮಾಡಪಾ ನಿನ್ನ ಪಿ.ಎಚ್.ಡಿ." ಎಂದು ವೈನಿ ಬಾಯಿ ಮುಚ್ಚಿಸಿದರು. ನಾನು ಪಿ.ಎಚ್.ಡಿ. ಮಾಡಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಧ್ವನಿ. ಈ ವ್ಯವಸ್ಥೆಗಳಲ್ಲಿ ಕನ್ನಡ ಓದುವ ಒಂದು ಧ್ವನಿ ಯಂತ್ರದೊಳಗೇ ಇರುತ್ತದೆ, ನೆಟ್ ಬೇಡ. ಇಂಪಾದ ಧ್ವನಿಯಲ್ಲ. ಖಾಲಿ ಡಬ್ಬಿಯೊಳಗೆ ಬಾಯಿಟ್ಟು ಕೂಗಿದ ಹಾಗಿದೆ, ಏರಿಲ್ಲ, ಇಳಿವಿಲ್ಲ. ಗಿರಣಿ ಅಕ್ಕ ಮೊದಲ ಸಲ ಕೇಳಿದಾಗ, "ಸರ್‌ಗೆ ನೆಗಡಿ ಆಗೇತೇನ್ರಿ?" ಎಂದು ಕೇಳಿದಳು. ಅಣ್ಣ ಕೂಡಲೇ ಉತ್ತರ ಕುಟ್ಟತೊಡಗಿದ, ಅವಳು ಗಿರಣಿಗೆ ಹೋಗಿ ಯಾರದೋ ಜೋಳ ಹಾಕಿ ಬರುವವರೆಗೂ ಕುಟ್ಟಿದ. ಅವಳು ಬಂದಾಗ ಧ್ವನಿ ಹೇಳಿತು: "ನಿನ್ನ ಗಿರಣಿ ಹಿಟ್ಟು ಮೂಗಿನಾಗ ಹೋಗೇದ."

ಅವಳು ನಕ್ಕ ರಭಸಕ್ಕೆ ವೈನಿ ಅಡುಗೆಮನೆಯಿಂದ ಓಡಿ ಬಂದರು. ಲಕ್ವಾ ಹೊಡೆದ ಮೇಲೆ ಅಣ್ಣ ಆಡಿದ ಮೊದಲ ತಮಾಷೆ ಅದು ಎಂದು ನನ್ನ ನೆನಪು. ವೈನಿ ಮೊದಲನೆಯದು ಬೇರೆ ಎನ್ನುತ್ತಾರೆ.

ಆ ಕನ್ನಡ ಧ್ವನಿಯನ್ನು ಒಳಗೆ ಕೂಡಿಸಿದವರು ಯಾರು, ನನಗೆ ಗೊತ್ತಿಲ್ಲ. ಎಲ್ಲೋ ಕುಳಿತು, ಯಾವ ಅಕ್ಷರಕ್ಕೆ ಯಾವ ನಾದ ಎಂದು ಒಂದೊಂದಾಗಿ ಕಟ್ಟಿ, ಇಟ್ಟು ಹೋದರು. ಮಲಪ್ರಭೆಯ ದಂಡೆಯಲ್ಲಿ ಇಂಥ ಒಂದು ಊರಿದೆ ಎಂಬುದು ಅವರಿಗೆ ತಿಳಿದಿರಲಾರದು. ನಾನು ಸಂಶಯದ ಮನುಷ್ಯ, ಪರೋಪಕಾರ ಎಂದೊಡನೆ ಅದರ ಹಿಂದೆ ಏನಿದೆ ಎಂದು ಹುಡುಕುವವನು. ಇಲ್ಲಿ ಹುಡುಕಿ ಏನೂ ಸಿಗಲಿಲ್ಲ. ಅಣ್ಣ 'ಹೋಗೇದ' ಎಂದು ಬರೆದರೆ ಅದು 'ಹೋಗೇದ' ಎಂದೇ ಓದುತ್ತಿತ್ತು, 'ಹೋಗಿದೆ' ಎಂದು ತಿದ್ದುತ್ತಿರಲಿಲ್ಲ. ಆಯುಷ್ಯವಿಡೀ ಮಕ್ಕಳ ಕನ್ನಡ ತಿದ್ದಿದ ಅಣ್ಣನಿಗಿಂತ ಉದಾರವಾದ ಧ್ವನಿ.

ಮಿಂಟಿನ ಎರಡನೆಯ ದಿನ ಮುಂಜಾನೆ ಅಣ್ಣ ನನ್ನನ್ನು ಹೊರಗೆ ಕಳಿಸಿದ. "ಧಣಿ ಎದುರಿಗಿದ್ರ ಎಮ್ಮಿ ಶಾಣೇತನಾ ಮಾಡ್ತದ. ನೀ ಎಲ್ಲೆರ ಹೋಗಿ ಬಾ." ಎಲ್ಲಿಗೆ ಹೋಗಲಿ? ಹತ್ತಿರದಲ್ಲೇ ಇರುವ ತೊರಗಲ್ಲಿಗೆ ಹೋದೆ. ಎಮ್ಮೆಯ ವಿಷಯ ತಲೆ ಕೊರೆಯುತ್ತಿತ್ತು. ಬೇವಿನ ಗಿಡ, ಹಿತ್ತಾಳೆ ಚರಿಗೆ, ಅಪ್ಪನ ಕೈ, ಇಷ್ಟು ನಿಚ್ಚಳವಾಗಿ ಕಂಡದ್ದು ಸುಳ್ಳಾಗುವುದು ಹೇಗೆ?

ಅಲ್ಲಿನ ಹಳೆಯ ಕೋಟೆಯ ಬಾಗಿಲ ಮುಂದೆ ನಿಂತು ನೋಡಿದೆ. ನೋಡುತ್ತಾ ನೋಡುತ್ತಾ ಬಾಗಿಲ ಬದಿಯ ಕಲ್ಲಿನ ಹತ್ತಿರ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಂತೆ ಕಂಡಿತು. ಪಕ್ಕದಲ್ಲಿ ಎಮ್ಮೆ. ನನಗೆ ಖುಷಿಯಾಯಿತು, ಮರುಗಳಿಗೆ ಅಂಜಿಕೆಯಾಯಿತು. ಮೊನ್ನೆಯವರೆಗೆ ಈ ಚಿತ್ರ ನನ್ನಲ್ಲಿ ಇರಲಿಲ್ಲ. ಅಣ್ಣ ಹೇಳಿದ ಒಂದು ಮಾತಿಗೆ ನನ್ನ ತಲೆ ಆಗಲೇ ಹೊಸ ನೆನಪನ್ನು ನೇಯ್ದು ಕೊಟ್ಟಿತ್ತು. ನೆರಳಿಗೆ ಕೂತಿದ್ದ ಒಬ್ಬ ಮುದುಕರನ್ನು, ಮೊದಲು ಇಲ್ಲಿ ಎಮ್ಮೆ ಮಾರುತ್ತಿದ್ದವರ ಮನೆ ಯಾವುದು ಎಂದು ಕೇಳಿದೆ. "ಯಾರ ಮನ್ಯಾಗ ಮಾರಿಲ್ಲ ಹೇಳ್ರಿ?" ಎಂದರು. ಅಲ್ಲಿಗೆ ಇತಿಹಾಸ ಸಂಶೋಧನೆ ಮುಗಿಯಿತು. ಅಷ್ಟರಲ್ಲಿ ಮೋಡ ಕಟ್ಟಿ ಗುಡುಗತೊಡಗಿತು, ಸಿಕ್ಕ ಟಂಟಂ ಹತ್ತಿ ತಿರುಗಿ ಬಂದೆ.

ಬಾಗಿಲಲ್ಲೇ ವೈನಿ ಎದುರಾದರು. ಮುಖ ಅರಳಿತ್ತು.

"ಇವತ್ತ ನೀ ನೋಡಬೇಕಿತ್ತು. ಮುಂಜಾನಿಂದ ಬರದಾರ. ಒಂದ ಸವನ! ಊಟಕ್ಕ ಕರದ್ರ ಕೈ ಮಾಡಿ ತಡಿ ಅಂದ್ರು. ನನಗ ಓದಗೊಡಲಿಲ್ಲ, ಕೇಳಗೊಡಲಿಲ್ಲ. ತಮ್ಮಾ ಬರ್ಲಿ, ಎಲ್ಲಾರೂ ಕೂಡಿದಾಗ ಕೇಳಸ್ತೀನಿ ಅಂದ್ರು. ಎಮ್ಮಿ ಕತಿ ಅಂತ."

ನೀರು ಮತ್ತು ಫ್ಯಾನಿನ ಆಚೆಗೆ ಅವನು ಏನನ್ನಾದರೂ ಉದ್ದಕ್ಕೆ ಹೇಳಲು ಕೂತದ್ದು ಅಂದೇ. ನಾನು ಒಳಗೆ ನೋಡಿದೆ. ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಶ್ರಾವಣದಲ್ಲಿ ಪುರಾಣಕ್ಕೆ ಮುಂಚೆ ಜನ ಸೇರುವುದನ್ನು ಕಾಯುತ್ತಾ ಕೂಡುವಂತೆಯೇ. ಅವನೆದುರು ಕಂಪ್ಯೂಟರಿನ ತೆರೆ ಕಪ್ಪಾಗಿತ್ತು.

"ಯಾಕ ಬಂದ್ ಆಗ್ಯದ?" ಅಂದೆ.

"ಗುಡುಗು ಬಂತಲ್ಲಾ? ಟಿವಿದು, ಇದರದು, ಎಲ್ಲಾ ವಾಯರ್ ಕಿತ್ತಿಟ್ಟೆ. ಚಿಂತಿ ಮಾಡಬ್ಯಾಡ. ಪೆನ್‌ಡ್ರೈವು ದೇವರ ಮನ್ಯಾಗ, ಗಂಗಾಳದಾಗ ಇಟ್ಟೀನಿ. ನೀನ ಹೇಳಿದ್ಯಲ್ಲಾ, ಎಲ್ಲಾ ಅದರಾಗೇ ಅದ ಅಂತ?"

ಗುಡುಗಿದರೆ ವಾಯರು ಕೀಳದ ಮನೆ ನಮ್ಮ ಕಡೆ ಇಲ್ಲ. ನನ್ನ ಮನೆಯಲ್ಲೂ ಕೀಳುತ್ತಾರೆ. ಆದರೆ ಹಿಂಡಿ ನೋಡುವ ಈ ವ್ಯವಸ್ಥೆಯಲ್ಲಿ ಬರೆದದ್ದು ಪೆನ್‌ಡ್ರೈವಿಗೂ ಹೋಗುವುದಿಲ್ಲ, ಯಂತ್ರದ ಒಳಗಿನ ಡಿಸ್ಕಿಗೂ ಹೋಗುವುದಿಲ್ಲ. ಕರೆಂಟು ಇರುವ ತನಕ ಯಂತ್ರದ ತಲೆಯಲ್ಲಿ ತೇಲುತ್ತಿರುತ್ತದೆ. ಕರೆಂಟು ಹೋದ ಕ್ಷಣ ಅಳಿಸುತ್ತದೆ. ನಾನು ವೈನಿಗೆ 'ಎಲ್ಲಾ ಅದರಾಗೇ ಅದ' ಅಂದಿದ್ದೆ, ಇದನ್ನು ಹೇಳಿರಲಿಲ್ಲ. ಈಗ ಹೇಳಿದೆ.

ವೈನಿ ದೇವರ ಮನೆಗೆ ಹೋಗಿ ಪೆನ್‌ಡ್ರೈವು ತಂದು ನನ್ನ ಕೈಯಲ್ಲಿಟ್ಟರು. ಅದರ ಮೇಲೆ ಒಂದು ತುಳಸಿ ಎಲೆ ಅಂಟಿತ್ತು. ಆಮೇಲೆ ಗಂಡನ ಕಾಲ ಹತ್ತಿರ ನೆಲಕ್ಕೆ ಕೂತುಬಿಟ್ಟರು. "ಹೋತೇನ್ರಿ? ಎಲ್ಲಾ ಹೋತೇನ್ರಿ?"

ನನಗೆ ಅಂಜಿಕೆಯಾದದ್ದು ಕತೆ ಹೋದದ್ದಕ್ಕಲ್ಲ. ಅಣ್ಣ ಈಗ 'ಸಾಕು' ಎಂದು ಬರೆದರೆ ಏನು ಮಾಡುವುದು? ಅವನ ಮುಖ ಗೋಡೆಯ ಕಡೆ ತಿರುಗಿತು. ಹೊರಗೆ ಮಳೆ ಬಂದು ಹೋಯಿತು. ಕೊನೆಗೆ ಅವನು ಎಡಗೈ ಎತ್ತಿ ಯಂತ್ರದ ಕಡೆ ಬೆರಳು ಮಾಡಿದ. ಎಬ್ಬಿಸು ಎಂದು.

ವಾಯರು ಚುಚ್ಚಿ, ಪೆನ್‌ಡ್ರೈವು ಹಾಕಿ, ಕನ್ನಡ, ಕೀಲಿ, ಧ್ವನಿ ಎಲ್ಲವನ್ನೂ ಮೊದಲಿನಿಂದ ಜೋಡಿಸಿದೆ. ಅಣ್ಣ ಕುಟ್ಟತೊಡಗಿದ. ತೆರೆಯನ್ನು ನೋಡುವ ಧೈರ್ಯವಾಗದೆ ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಆ ಡಬ್ಬಿಯ ಧ್ವನಿ ಹೇಳಿತು:

"ಖರೀದಿ ಆಗೂತನಕಾ ಹಿಂಡಿದ ಹಾಲು ಧಣೀದು."

ಒಂದು ಗಳಿಗೆ ಬೇಕಾಯಿತು ನನಗೆ. ಪದ್ಧತಿ ಹಾಗೆಯೇ ಇದೆ. ಪರೀಕ್ಷೆಗೆಂದು ಹಿಂಡಿದ ಮೂರು ಹೊತ್ತಿನ ಹಾಲನ್ನು ಕೊಳ್ಳುವವರು ಒಯ್ಯುವಂತಿಲ್ಲ. ಅದು ಮಾರುವವರ ಮನೆಯ ಗಡಿಗೆಯಲ್ಲೇ ಉಳಿಯುತ್ತದೆ. ಎಮ್ಮೆಯ ಹಗ್ಗ ಕೈಗೆ ಬಂದ ಮೇಲೆ ಹಿಂಡಿದ್ದು ಮಾತ್ರ ನಮ್ಮದು. ವೈನಿಗೆ ನನಗಿಂತ ಮೊದಲೇ ತಿಳಿದಿತ್ತು. ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು. ಅಣ್ಣನ ಅರ್ಧ ಮುಖವೂ ನಗುತ್ತಿತ್ತು. ಒಂದು ದಿನದ ಬೆವರು ನೀರುಪಾಲಾದವನು ಹೆಂಡತಿಯ ಮನಸ್ಸು ಉಳಿಸಲು ಮೊದಲು ಒಂದು ಗಾದೆಯಂಥ ಮಾತು ಹುಡುಕಿದ. ಎರಡೂ ಕೈ, ಪೂರ್ತಿ ಬಾಯಿ ಇದ್ದಿದ್ದರೂ ನನಗೆ ಅದು ಹೊಳೆಯುತ್ತಿರಲಿಲ್ಲ.

ಮತ್ತೆ ಕುಟ್ಟಿದ. "ಪುದೀನಾ ಕಟ್ಟು."

ಅವತ್ತೇ ಕಟ್ಟಿದೆ. ಹಳೆಯ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು, ವಿಂಡೋಸ್ ತೆಗೆದು ಮಿಂಟ್ ಹಾಕಿದೆ. ಗುಂಡಿಗಳನ್ನು ಒತ್ತಿದ್ದು ವೈನಿ. ನಾನು ಓದಿ ಹೇಳಿದೆ, ಅಷ್ಟೇ. ಬರೆದದ್ದು ಬರೆಯುತ್ತಿದ್ದಂತೆಯೇ ಡಿಸ್ಕಿನಲ್ಲಿ ಉಳಿಯುವಂತೆ ಮಾಡಿದೆ, ಅದನ್ನು ಪರೀಕ್ಷಿಸಲು ವೈನಿ ತಾವೇ ವಾಯರು ಕಿತ್ತರು, ಮತ್ತೆ ಚುಚ್ಚಿದರು. ಬರೆದದ್ದು ಇತ್ತು. ನಂಬದೆ ಇನ್ನೊಮ್ಮೆ ಕಿತ್ತರು. ಯಂತ್ರಕ್ಕೆ ಅದು ಒಳ್ಳೆಯದಲ್ಲ ಎಂದು ಹೇಳಲು ಹೋಗಿ ಸುಮ್ಮನಾದೆ. ಸಂಶಯ ಪಡುವುದು ನನ್ನೊಬ್ಬನ ಸೊತ್ತಲ್ಲ.

ಕೆಲವು ವಾರಗಳ ಮೇಲೆ ಮತ್ತೆ ಹೋದೆ. ಅಷ್ಟು ದಿನ ನನ್ನ ಲ್ಯಾಪ್‌ಟಾಪಿನಲ್ಲಿಯೂ ಮಿಂಟ್ ಇಟ್ಟುಕೊಂಡಿದ್ದೆ, ಅವರು ಫೋನಿನಲ್ಲಿ ಏನಾದರೂ ಕೇಳಿದರೆ ಹೇಳಲು ಬರಲೆಂದು. ಕೇಳಿರಲಿಲ್ಲ. ತೆರೆಯ ಮೂಲೆಯಲ್ಲಿ ಸುಧಾರಣೆ ಬಂದಿದೆ ಎಂದು ತೋರಿಸುವ ಗುರಾಣಿಯ ಚಿತ್ರ ಕಂಡು, ರೂಢಿಯಂತೆ ಕೈ ಚಾಚಿದೆ.

"ಮುಟ್ಟಬ್ಯಾಡ. ಅದು ನಂದು, ಊಟಾದ ಮ್ಯಾಲೆ ಮಾಡತೇನಿ" ಎಂದು ವೈನಿ ಒಳಗಿನಿಂದಲೇ ಹೇಳಿದರು.

ಅಣ್ಣ ಎಮ್ಮೆಯ ಕತೆಯನ್ನು ಮತ್ತೆ ಬರೆದಿದ್ದ. ಗಿರಣಿ ಅಕ್ಕನನ್ನೂ ಕರೆಸಿ, ಎಲ್ಲರೂ ಕೂತ ಮೇಲೆ ಕೀಲಿ ಒತ್ತಿದ. ತೊರಗಲ್ಲಿನಲ್ಲಿ ಮೊದಲ ಸಂಜೆ ಎಮ್ಮೆ ಅವ್ವನ ಕೈಗೆ ಚೆನ್ನಾಗಿ ತೊರೆ ಬಿಟ್ಟಿತಂತೆ. ಮರುದಿನ ಮುಂಜಾನೆ ಒದ್ದು ಚರಿಗೆ ಉರುಳಿಸಿತಂತೆ. ಹಾಲು ಅವ್ವನ ಸೀರೆಯ ಮೇಲೆಲ್ಲ ಚೆಲ್ಲಿ, ಮಾರುವವರ ಮನೆಯಾಕೆ ನಾಚಿ, ಅಪ್ಪ ಚೀಲ ಹೆಗಲಿಗೆ ಹಾಕಿ ಹೊರಟೇಬಿಟ್ಟಿದ್ದರಂತೆ. ಅವ್ವ, "ಒಂದ ಸಲ ಒದ್ದಾರ ಅಂತ ಮನಿ ಬಿಡೂದಾದ್ರ ನಾ ಎಂದೋ ತವರಮನಿಗೆ ಹೋಗತಿದ್ದೆ. ಇನ್ನೊಂದು ಹೊತ್ತು ನೋಡೂಣು" ಅಂದಳಂತೆ. ಮೂರನೆಯ ಹೊತ್ತು ಎಮ್ಮೆ ಕಣ್ಣು ಮುಚ್ಚಿ ನಿಂತು ಹಿಂಡಿಸಿಕೊಂಡಿತಂತೆ. ಕೊನೆಯ ಸಾಲು ನನಗೆಂದೇ ಬರೆದದ್ದು: "ಶಾಣ್ಯಾ, ನೀ ಅಲ್ಲೆ ಇರಲೇ ಇಲ್ಲ. ನಿನ್ನ ಮುರಗೋಡದಾಗ ಅತ್ಯಾನ ಮನ್ಯಾಗ ಬಿಟ್ಟು ಬಂದಿದ್ವಿ."

ಅತ್ಯಾ, ಅಂದರೆ ಅಪ್ಪನ ಅಕ್ಕ. ಅವಳ ಮನೆಯ ಮುಂದೆ ಬೇವಿನ ಗಿಡ ಇತ್ತು. ಅವಳ ಗಂಡ ಎಮ್ಮೆ ಹಿಂಡುತ್ತಿದ್ದರು ಕೂಡ.

ಹಾಗಾದರೆ ಎಲ್ಲ ಬಗೆಹರಿಯಿತೇ ಎಂದರೆ, ನನಗೆ ಖಾತ್ರಿಯಿಲ್ಲ. ಅಣ್ಣ ಪುರಾಣಿಕ. ಮೊದಲಿನ ಗಂಟಲಿನಲ್ಲಿ ಹೇಳಿದ್ದರೆ ಎಲ್ಲಿ ನಡೆದದ್ದು, ಎಲ್ಲಿ ಒಗ್ಗರಣೆ ಎಂದು ಅವನ ಧ್ವನಿಯ ಏರಿಳಿತದಿಂದಲೇ ಹಿಡಿಯುತ್ತಿದ್ದೆ. ಈ ಯಂತ್ರ ಎಲ್ಲವನ್ನೂ ಒಂದೇ ಸಮನೆ, ಕೋರ್ಟಿನಲ್ಲಿ ಸಾಕ್ಷಿ ಹೇಳಿದಂತೆ ಓದುತ್ತದೆ. ಅವ್ವನ ಆ ಮಾತು ಅವ್ವನದೋ, ಅಣ್ಣನದೋ?

"ಅವತ್ತ ಹೋತಲ್ಲಾ, ಅದ್ರಾಗೂ ಹಿಂಗ ಇತ್ತೇನು?" ಎಂದು ಕೇಳಿದೆ.

ಅಣ್ಣ ಕುಟ್ಟಿದ. "ಅದು ಇದಕ್ಕಿಂತ ಭಾಳ ಛಲೋ ಇತ್ತು."

ಗಿರಣಿ ಅಕ್ಕ ಹೋದ ಮೇಲೆ ವೈನಿ ಚಾ ತಂದು, ಮೊನ್ನೆ ಯಾರೋ ಬೀಗರು ಬಂದದ್ದನ್ನು ನನಗೆ ಹೇಳತೊಡಗಿದರು. "ಅವ್ರು ಬಂದವ್ರ, ಕಂಪ್ಯೂಟರ್ ನೋಡಿ ಏನಂದ್ರು ಗೊತ್ತೇನು, ತಮ್ಮಾ..."

"ತಡಿ, ನಾ ಹೇಳ್ತೀನಿ" ಎಂದಿತು ಡಬ್ಬಿಯ ಧ್ವನಿ.

ನಾನು ಬೆಚ್ಚಿ ನೋಡಿದೆ. ಅಣ್ಣ ಏನನ್ನೂ ಕುಟ್ಟಿರಲಿಲ್ಲ, ಒಂದೇ ಕೀಲಿ ಒತ್ತಿದ್ದ. ನಾನು ಓದುವುದಕ್ಕೆಂದು ಮಾಡಿಟ್ಟ ಏರ್ಪಾಟನ್ನು ಅವನು ತೆರೆದು ನೋಡಿ, ಅದರಂತೆಯೇ ತನಗೆ ಬೇಕಾದ ಮಾತುಗಳನ್ನು ಒಂದೊಂದು ಕೀಲಿಗೆ ಕಟ್ಟಿಕೊಂಡಿದ್ದ. ನೀರಿಗೊಂದು, ಫ್ಯಾನಿಗೊಂದು ಇರಬಹುದು ಎಂದುಕೊಂಡರೆ, ಇದ್ದದ್ದು 'ತಡಿ, ನಾ ಹೇಳ್ತೀನಿ', 'ಹಂಗಲ್ಲ ಅದು', 'ಉದ್ದ ಎಳೀಬ್ಯಾಡ'.

"ನೋಡು, ನೋಡು! ಇದಕ್ಕ ತಂದುಕೊಟ್ಟಿ ನೀ ಈ ಎಮ್ಮಿ?" ಎಂದು ವೈನಿ ನನ್ನ ಮೇಲೆ ಹರಿಹಾಯ್ದರು. ಗಂಡನ ಕಡೆ ತಿರುಗಿ, "ಸುಮ್ಮಕಿರ್ರಿ, ನಾ ಮುಗಸ್ತೀನಿ! ಆ ಬೀಗರು..."

"ಹಂಗಲ್ಲ ಅದು" ಎಂದಿತು ಧ್ವನಿ.

ವೈನಿ ಚಾದ ಬಟ್ಟಲು ಕೆಳಗಿಟ್ಟು, ಎದ್ದು ಹೋಗಿ, ತೆರೆಯ ಮೂಲೆಯಲ್ಲಿ ಧ್ವನಿ ತಗ್ಗಿಸುವ ಗುರುತನ್ನು ತಾವೇ ಹುಡುಕಿ ತಗ್ಗಿಸಿದರು. ಅಣ್ಣ ಎಡಗೈ ಚಾಚಿ ಏರಿಸಿದ.